ಮಗಳ ಓದು ನಿಂತಿದ್ದು ಎಲ್ಲಿ? ಮನೆಯವರ ಜೊತೆ ಕೂತು ಊರಿನ ಅಧ್ಯಯನ ಮಾಡುವ ಬಗೆ

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಎಳೆ ವಯಸ್ಸಿನ ಬಸಿರು ಮತ್ತು ಹೆಣ್ಣುಮಕ್ಕಳ ಶಾಲೆ ನಿಲ್ಲುವುದರ ಬಗ್ಗೆ ಸಮೀಕ್ಷೆಗಳಿಗೇನೂ ಕೊರತೆ ಇಲ್ಲ. ಅಂಗನವಾಡಿಯವರು ಬರೆದುಕೊಂಡು ಹೋಗುತ್ತಾರೆ, ಮೇಷ್ಟ್ರು ಬರೆದುಕೊಂಡು ಹೋಗುತ್ತಾರೆ, ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಓದುವ ಹುಡುಗರು ಬರೆದುಕೊಂಡು ಹೋಗುತ್ತಾರೆ. ಮನೆಯವರ ಉತ್ತರ ಮಾತ್ರ ಎಲ್ಲಾ ಕಡೆ ಒಂದೇ: "ಅವಳಿಗೆ ಓದು ಹತ್ತಲಿಲ್ಲ, ಬಿಟ್ಟಳು." ವರದಿಯಲ್ಲಿ ಅದು "ಓದಿನಲ್ಲಿ ಆಸಕ್ತಿ ಇಲ್ಲ" ಅಂತಾಗುತ್ತದೆ. ಅಲ್ಲಿಗೆ ಮುಗಿಯಿತು.

ಆ ಉತ್ತರ ಸುಳ್ಳು ಅಂತ ನಾನು ಹೇಳುವುದಿಲ್ಲ. ಗುರುತಿಲ್ಲದವರು ಫಾರಂ ಹಿಡಿದು ಬಾಗಿಲಲ್ಲಿ ನಿಂತಾಗ ಯಾರೇ ಆದರೂ ಹೇಳುವ ಉತ್ತರ ಅದು. ಮನೆಯವರನ್ನು ಪ್ರಶ್ನೆ ಮಾಡುವವರ ಸಾಲಿಗೆ ಕರೆದುಕೊಂಡಾಗ ಮಾತು ಬೇರೆಯಾಗುತ್ತದೆ. ಏನು ಕೇಳಬೇಕು, ಯಾರನ್ನು ಕೇಳಬೇಕು, ಬಂದ ಉತ್ತರದ ಅರ್ಥ ಏನು, ಈ ಮೂರರಲ್ಲೂ ಅವರ ಕೈ ಇರಬೇಕು. ಸಂಸ್ಥೆಯವರು, ಶಿಕ್ಷಕರು, ಪಂಚಾಯ್ತಿ ಸದಸ್ಯರು, ಕಾಲೇಜಿನ ತಂಡಗಳು ಇದನ್ನು ಹೇಗೆ ಮಾಡಬಹುದು ಅಂತ ಒಂದೊಂದಾಗಿ ಬರೆಯುತ್ತಿದ್ದೇನೆ.

1. ಊರಿಗೆ ಹೋಗುವ ಮೊದಲು: ಇದರಿಂದ ಏನು ಬದಲಾಗಬೇಕು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ದೇಶದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 23 ಜನಕ್ಕೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಕರ್ನಾಟಕದಲ್ಲಿ ಅದು ನೂರಕ್ಕೆ 21ರ ಆಸುಪಾಸು. ಸಮಸ್ಯೆ ಇದೆ ಅಂತ ತೋರಿಸಲು ಇನ್ನೊಂದು ಸಮೀಕ್ಷೆ ಬೇಕಿಲ್ಲ. ಈ ಊರಲ್ಲಿ, ಈ ಹಟ್ಟಿಯಲ್ಲಿ, ಈ ತಾಂಡಾದಲ್ಲಿ ಓದು ಎಲ್ಲಿ ತುಂಡಾಗುತ್ತಿದೆ ಅನ್ನುವುದು ಬೇಕು. ಅದನ್ನು ಸರಿಮಾಡಲು ಯಾರ ಕೈಯಲ್ಲಿ ಆಗುತ್ತದೆ ಅನ್ನುವುದೂ ಬೇಕು.

ಹಾಗಾಗಿ ಜಾಗ ಚಿಕ್ಕದಿರಲಿ. ಎರಡು ಮೂರು ಊರು ಸಾಕು. ಒಂದೇ ತಾಲ್ಲೂಕಿನಲ್ಲೇ ಬದುಕು ಎಷ್ಟೊಂದು ಬೇರೆ ನೋಡಿ. ಚನ್ನಗಿರಿಯ ಅಡಿಕೆ ತೋಟದ ಊರಿನ ಕಷ್ಟವೇ ಬೇರೆ, ಅಲ್ಲೇ ಪಕ್ಕದ ತಾಂಡಾದ ಕಷ್ಟವೇ ಬೇರೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕುರಿ ಹಿಂಡಿನ ಹಿಂದೆ ತಿಂಗಳುಗಟ್ಟಲೆ ಹೊರಗಿರುವ ಮನೆಗಳಿವೆ. ದಾವಣಗೆರೆ ಪೇಟೆಯಲ್ಲಿ ಮಂಡಕ್ಕಿ ಭಟ್ಟಿಗಳ ಸುತ್ತ ದುಡಿಯುವ ಮನೆಗಳಿವೆ. ಎಲ್ಲಕ್ಕೂ ಒಂದೇ ಫಾರಂ ಹಿಡಿದು ಹೋದರೆ ಯಾವುದೂ ಸರಿಯಾಗಿ ಸಿಗುವುದಿಲ್ಲ.

ಶಾಲೆಯ ಹಾಜರಿ ಮತ್ತು ಟಿಸಿ ಲೆಕ್ಕವನ್ನು ಮುಖ್ಯೋಪಾಧ್ಯಾಯರ ಹತ್ತಿರ ಕೇಳಿ ನೋಡಬಹುದು. ಎಷ್ಟನೇ ತರಗತಿ ಆದಮೇಲೆ ಹುಡುಗಿಯರ ಸಂಖ್ಯೆ ಇಳಿಯುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಆದರೆ ಆಶಾ ಕಾರ್ಯಕರ್ತೆಯ ರಿಜಿಸ್ಟರ್ ಅಥವಾ ತಾಯಿ ಕಾರ್ಡ್ ನೋಡಿ "ಯಾರ ಮನೆಗೆ ಹೋಗಬೇಕು" ಅಂತ ಪಟ್ಟಿ ಮಾಡಬೇಡಿ. ಚಿಕಿತ್ಸೆಗೆ ಅಂತ ಕೊಟ್ಟ ಮಾಹಿತಿ ಅದು. ಒಂದು ಸಲ ಅದು ಹೊರಗೆ ಬಂತು ಅಂತ ಗೊತ್ತಾದರೆ ಮುಂದಿನ ಬಸುರಿ ಆಸ್ಪತ್ರೆಗೇ ಬರುವುದಿಲ್ಲ.

2. ಕಾನೂನು: ಇದನ್ನು ಮೊದಲೇ ಬಗೆಹರಿಸಿಕೊಳ್ಳಿ

ಹೆಚ್ಚಿನ ತಂಡಗಳು ಅರ್ಧ ದಾರಿಯಲ್ಲಿ ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. ಕರ್ನಾಟಕದ ತಿದ್ದುಪಡಿಯಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮದುವೆ ಆಗಿದೆ ಅನ್ನುವ ಕಾರಣಕ್ಕೂ ವಿನಾಯಿತಿ ಇಲ್ಲ. ಅಂದರೆ 17ರ ಬಸುರಿ ಹುಡುಗಿಯ ವಿಷಯ ಗೊತ್ತಾದರೆ ಅದು ಪೋಕ್ಸೋ ಸೆಕ್ಷನ್ 19ರ ಅಡಿ ತಿಳಿಸಲೇಬೇಕಾದ ಸಂಗತಿ. ತಿಳಿಸದಿದ್ದರೆ ಸೆಕ್ಷನ್ 21ರ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ ಆಗಬಹುದು. ಸಂಶೋಧಕರಿಗೆ ಅಂತ ಬೇರೆ ನಿಯಮ ಇಲ್ಲ.

ಊರಿನವರಿಗೂ ಇದು ಗೊತ್ತು. ವಯಸ್ಸು ಕೇಳಿದರೆ ಎಲ್ಲರೂ "ಹತ್ತೊಂಬತ್ತು" ಅನ್ನುವುದು ಅದಕ್ಕೇ.

ಇದಕ್ಕೆ ನಾನು ಕಂಡ ಒಳ್ಳೆಯ ದಾರಿ ಹೀಗಿದೆ. ಸ್ವಂತ ಬದುಕಿನ ಕಥೆ ಕೇಳುವುದು ಈಗ 18 ದಾಟಿದವರ ಹತ್ತಿರ ಮಾತ್ರ. 18 ಒಳಗಿನವರ ಹತ್ತಿರ ಶಾಲೆ, ಬಸ್ಸು, ಮನೆಗೆಲಸ, ಕನಸು ಇವುಗಳ ಬಗ್ಗೆ ಮಾತು. ಮೈ, ಸಂಬಂಧ, ಬಸಿರಿನ ಬಗ್ಗೆ ಸ್ವಂತ ಪ್ರಶ್ನೆ ಒಂದೂ ಬೇಡ. ಹಳೆಯ ಘಟನೆಗಳಿಗೂ ಕಾನೂನು ಅನ್ವಯಿಸಬಹುದು. ಆದ್ದರಿಂದ ಕೆಲಸ ಶುರು ಮಾಡುವ ಮೊದಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮತ್ತು ಮಕ್ಕಳ ಕಲ್ಯಾಣ ಸಮಿತಿಯವರನ್ನು ಭೇಟಿ ಮಾಡಿ. ನಿಮ್ಮ ಯೋಜನೆ ತೋರಿಸಿ, ಸಲಹೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಎರಡೂ ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿನ ನೈತಿಕ ಸಮಿತಿಯ ಮುಂದೆ ಯೋಜನೆ ಇಡಬಹುದೇ ಅಂತ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ 18 ಒಳಗಿನ ಮಗುವಿನ ಹತ್ತಿರ ಮಾತಾಡಲು ಅಪ್ಪ ಅಮ್ಮನ ಅಥವಾ ಪೋಷಕರ ಒಪ್ಪಿಗೆ ಬೇಕು. ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. ಅಪ್ಪ ಹೂಂ ಅಂದು ಮಗಳು ಬೇಡ ಅಂದರೆ, ಬೇಡ.

ಪ್ರತಿ ಮಾತುಕತೆಯ ಮೊದಲು ಇದನ್ನು ಬಾಯಿಬಿಟ್ಟು ಹೇಳಿ:

"ಅಕ್ಕಾ, ನೀವು ಹೇಳಿದ್ದನ್ನ ಹೆಸರು ಹಾಕದೆ ಬರೆದುಕೊಳ್ತೀವಿ. ಆದ್ರೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಹದಿನೆಂಟು ತುಂಬದ ಇಂಥಾ ಮಗೀಗೆ ಹೀಗಾಗಿದೆ ಅಂತ ನನಗೆ ಗೊತ್ತಾದ್ರೆ, ಮುಚ್ಚಿಡೋಕೆ ನನಗೆ ಕಾನೂನಲ್ಲಿ ಅವಕಾಶ ಇಲ್ಲ. ಅದಕ್ಕೇ ಯಾರ ಹೆಸರೂ ಬೇಡ, ಊರ ಮಾತಾಗಿ ಹೇಳಿ. ಸಹಾಯ ಬೇಕು ಅಂದ್ರೆ ಮಾತ್ರ ನೇರವಾಗಿ ಹೇಳಿ, ಜೊತೆಗಿರ್ತೀವಿ."

"ಯಾರಿಗೂ ಹೇಳಲ್ಲ" ಅಂತ ಮಾತ್ರ ಎಂದಿಗೂ ಮಾತು ಕೊಡಬೇಡಿ. ಉಳಿಸಿಕೊಳ್ಳಲು ಆಗದ ಮಾತು ಅದು.

3. ಹೋಗುವ ಹೊತ್ತು, ಹೋಗುವ ರೀತಿ

ಮುಂಗಾರು ಬಿತ್ತನೆಯ ದಿನಗಳಲ್ಲಿ, ಈರುಳ್ಳಿ ಕೀಳುವಾಗ, ಶೇಂಗಾ ಮತ್ತು ಮೆಕ್ಕೆಜೋಳದ ಕೊಯ್ಲಿನಲ್ಲಿ ಹೋಗಬೇಡಿ. ಸೋಮವಾರ ಎತ್ತು ಹೂಡದ ಊರುಗಳು ಈಗಲೂ ಬಹಳ ಇವೆ. ಅಂಥಾ ಕಡೆ ಅಪ್ಪಂದಿರು ಸಿಗುವುದು ಸೋಮವಾರವೇ. ಹೆಂಗಸರಿಗೆ ಮಧ್ಯಾಹ್ನ ಊಟ ಆದಮೇಲೆ ಒಂದು ಗಂಟೆ, ಇಲ್ಲವೇ ಸ್ತ್ರೀಶಕ್ತಿ ಸಂಘದ ಸಭೆ ದಿನ. ಕಾಫಿ ಸೀಮೆಗೆ, ಕಬ್ಬು ಕಡಿಯಲು ಗುಳೆ ಹೋಗುವ ತಾಂಡಾಗಳಲ್ಲಿ ಮನೆಯವರು ಯಾವ ತಿಂಗಳು ವಾಪಸ್ ಬರುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಅವರು ಊರಲ್ಲಿ ಇಲ್ಲದಾಗ ಅಧ್ಯಯನ ಮುಗಿಸಿದರೆ, ಜಾಸ್ತಿ ಕಷ್ಟದಲ್ಲಿರುವ ಮನೆಗಳೇ ಲೆಕ್ಕದಿಂದ ಬಿಟ್ಟುಹೋಗುತ್ತವೆ.

ಸರ್ಕಾರಿ ಜೀಪಿನಲ್ಲಿ ಹೋಗಬೇಡಿ. ಮೊದಲ ಭೇಟಿಗೆ ಅಂಗನವಾಡಿ ಮೇಲ್ವಿಚಾರಕಿಯ ಜೊತೆಯೂ ಬೇಡ. ಅವರ ಮೇಲೆ ನನಗೆ ಗೌರವ ಇದೆ, ಆದರೆ ಮದುವೆ ನಿಲ್ಲಿಸಲು ಬರುವವರೂ ಅವರೇ. ಜೊತೆಗೆ ಬಂದರೆ "ಕೇಸ್ ಮಾಡೋಕೆ ಬಂದವ್ರೆ" ಅನ್ನುವ ಸುದ್ದಿ ನೀವು ಕಟ್ಟೆ ತಲುಪುವ ಮೊದಲೇ ಊರು ತುಂಬಿರುತ್ತದೆ. ಊರಿನ ಯಜಮಾನರಿಗೆ, ತಾಂಡಾದ ನಾಯಕರಿಗೆ, ಪಂಚಾಯ್ತಿಗೆ ವಿಷಯ ತಿಳಿಸಿ. ಆದರೆ ಯಾರ ಮನೆಗೆ ಹೋಗಬೇಕು ಅನ್ನುವುದನ್ನು ಅವರು ತೀರ್ಮಾನಿಸುವಂತೆ ಆಗಬಾರದು.

ಭಾಷೆಯ ಬಗ್ಗೆ ಒಂದು ಮಾತು. ತಾಂಡಾದ ಅಜ್ಜಿ ಲಂಬಾಣಿಯಲ್ಲಿ ಹೇಳುವುದಕ್ಕೂ ನಿಮಗೋಸ್ಕರ ಕನ್ನಡದಲ್ಲಿ ಹೇಳುವುದಕ್ಕೂ ತುಂಬಾ ದೂರ. ಮೊಳಕಾಲ್ಮೂರು ಕಡೆ ಮನೆಮಾತು ತೆಲುಗು ಇರಬಹುದು, ದಾವಣಗೆರೆ ಪೇಟೆಯಲ್ಲಿ ಉರ್ದು. ಆ ಭಾಷೆ ಬಲ್ಲ ಹೆಣ್ಣುಮಗಳೊಬ್ಬಳು ತಂಡದಲ್ಲಿ ಇರಲಿ. ಅವಳು ಅದೇ ಊರಿನವಳಾಗಿರುವುದು ಬೇಡ, ಪಕ್ಕದ ಊರಿನವಳಾದರೆ ಒಳ್ಳೆಯದು. ಸ್ವಂತ ಊರಿನವಳ ಮುಂದೆ ಮನೆಯ ಗುಟ್ಟು ಹೇಳಲು ಎಲ್ಲರೂ ಹಿಂಜರಿಯುತ್ತಾರೆ.

4. ಮನೆಯವರದೇ ಒಂದು ಗುಂಪು ಕಟ್ಟಿ

ಇಡೀ ಕೆಲಸದ ಬೆನ್ನೆಲುಬು ಇದು. ಏಳೆಂಟು ಜನ ಸಾಕು. ಇಬ್ಬರು ತಾಯಂದಿರು, ಒಬ್ಬ ಅಜ್ಜಿ, ಒಬ್ಬ ಅತ್ತೆ, ಇಬ್ಬರು ಅಪ್ಪಂದಿರು. ಜೊತೆಗೆ ಶಾಲೆ ಅರ್ಧಕ್ಕೆ ನಿಂತು ಈಗ 18 ದಾಟಿರುವ ಇಬ್ಬರು ಹೆಣ್ಣುಮಕ್ಕಳು. ಮಗಳನ್ನು ಪಿಯುಸಿ ದಾಟಿಸಿದ ಒಂದು ಮನೆಯವರು ಇದರಲ್ಲಿ ಖಂಡಿತ ಇರಲಿ. ಅದೇ ಊರು, ಅದೇ ಬಸ್ಸು, ಅದೇ ಬಡತನ ಇದ್ದೂ ಅವರಿಗೆ ಹೇಗೆ ಆಯಿತು? ಅದನ್ನು ಊರಿನವರು ಅವರ ಬಾಯಿಂದಲೇ ಕೇಳಬೇಕು.

ಸಭೆಗೆ ಬಂದವರಿಗೆ ಆ ದಿನದ ಕೂಲಿ ಕೊಡಿ. ಆ ಊರಲ್ಲಿ ಎಷ್ಟು ನಡೆಯುತ್ತದೋ ಅಷ್ಟು. ಚಹಾ ಬಿಸ್ಕತ್ತು ಕೊಟ್ಟು ಕಳಿಸುವುದು ಸರಿಯಲ್ಲ. ನಿಮಗೆ ಸಂಬಳ ಇದೆ, ಅವರಿಗೆ ಆ ದಿನದ ದುಡಿಮೆ ಹೋಗಿದೆ, ಅಲ್ವಾ?

ಕೆಲಸಕ್ಕೆ ಒಂದು ಹೆಸರನ್ನೂ ಗುಂಪೇ ಇಡಲಿ. "ಬಾಲ ಗರ್ಭಿಣಿಯರ ಸಮೀಕ್ಷೆ" ಅಂತ ಬೋರ್ಡು ಹಿಡಿದು ಹೋದ ಮನೆಯ ಮೇಲೆ ಊರಿನ ಕಣ್ಣು ಬೀಳುತ್ತದೆ. "ನಮ್ಮೂರ ಹೆಣ್ಣುಮಕ್ಕಳ ಓದು" ಅಂದರೆ ಯಾರ ಮನೆಗಾದರೂ ಹೋಗಬಹುದು. ಹೆಸರು ಮೆತ್ತಗಿರಲಿ, ಆದರೆ ಒಪ್ಪಿಗೆ ಕೇಳುವಾಗ ಮದುವೆ, ಬಸಿರಿನ ಮಾತೂ ಬರುತ್ತದೆ ಅಂತ ಬಿಚ್ಚಿ ಹೇಳಲೇಬೇಕು.

ನಂತರ ನಿಮ್ಮ ಪ್ರಶ್ನೆಗಳನ್ನು ಅವರ ಮುಂದಿಡಿ, ಅವರು ತಿದ್ದಲಿ. "ನಿಮ್ಮ ಮಗಳು ಯಾಕೆ ಶಾಲೆ ಬಿಟ್ಟಳು?" ಅನ್ನುವುದು ತಾಯಿಯ ಕಿವಿಗೆ ಆಪಾದನೆಯಾಗಿ ಕೇಳುತ್ತದೆ. ಅದರ ಬದಲು "ಈ ಊರಲ್ಲಿ ಹೆಣ್ಣುಮಗಳು ಎಂಟನೇ ಕ್ಲಾಸ್ ಆದಮೇಲೆ ಮುಂದೆ ಓದಬೇಕು ಅಂದ್ರೆ ಮನೆಯವರು ಏನೇನು ಹೊಂದಿಸಬೇಕು?" ಅಂತ ಕೇಳಿ. "ಇಷ್ಟು ಬೇಗ ಯಾಕೆ ಮದುವೆ ಮಾಡಿದ್ರಿ?" ಅನ್ನುವ ಕಡೆ "ಸಂಬಂಧ ಕೇಳಿಕೊಂಡು ಬಂದಾಗ ಬೇಡ ಅನ್ನೋದು ಯಾವಾಗ ಕಷ್ಟ ಆಗುತ್ತೆ?" ಇರಲಿ. ಇದಕ್ಕೆ ಉತ್ತರವಾಗಿ ಬರುವುದು ಇಡೀ ಊರಿನ ಲೆಕ್ಕಾಚಾರ. ಸೋದರಮಾವನ ಮನೆಯ ಋಣ, ಅಕ್ಕ ತಂಗಿ ಇಬ್ಬರ ಮದುವೆ ಒಂದೇ ಖರ್ಚಿನಲ್ಲಿ ಮುಗಿಸುವ ಆಸೆ, ಮುಂದೆ ಹೆಚ್ಚು ಓದಿದ ಗಂಡು ಹುಡುಕಬೇಕಲ್ಲ ಅನ್ನುವ ಚಿಂತೆ, ಯಾರದೋ ಬೈಕಿನಲ್ಲಿ ಬಂದಳು ಅನ್ನುವ ಒಂದು ಮಾತು.

5. ಮಾತುಕತೆ: ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ

ಮನೆಯವರೆಲ್ಲ ಒಟ್ಟಿಗೆ ಕೂತರೆ ಒಂದೇ ದನಿ ಕೇಳುತ್ತದೆ, ಯಜಮಾನನದು. ಅಜ್ಜಿಯಿಂದ ಶುರು ಮಾಡಿ. "ಅಜ್ಜೀ, ನಿಮ್ಮ ಮದುವೆ ಆದಾಗ ನಿಮಗೆ ಎಷ್ಟು ವಯಸ್ಸು?" ಅಂದರೆ ಸಾಕು. ಮೊದಲ ಹೆರಿಗೆಯ ಹೆದರಿಕೆ, ಕಳೆದುಕೊಂಡ ಕೂಸು, ಎಲ್ಲಾ ಬರುತ್ತದೆ. ಅಜ್ಜಿಯರನ್ನು ಹಳೇ ಕಾಲದವರು ಅಂತ ಪಕ್ಕಕ್ಕೆ ತಳ್ಳುವ ತಂಡಗಳನ್ನು ನೋಡಿದ್ದೇನೆ. ಅದು ದೊಡ್ಡ ನಷ್ಟ. ಮೊಮ್ಮಗಳು ಓದಲಿ ಅಂತ ಮನೆಯಲ್ಲಿ ಮೊದಲು ಬಾಯಿ ಬಿಡುವುದು ಎಷ್ಟೋ ಸಲ ಅಜ್ಜಿಯೇ.

ಅಪ್ಪಂದಿರ ಹತ್ತಿರ ಗಂಡಸು ಕಾರ್ಯಕರ್ತ ಮಾತಾಡಲಿ, ಹೊಲದ ಬದುವಿನಲ್ಲೋ ಚಹಾ ಅಂಗಡಿಯಲ್ಲೋ. ಅವರು ಮೊದಲು ಮಾನದ ಮಾತು ಆಡುತ್ತಾರೆ. ತಾಳ್ಮೆಯಿಂದ ಕೇಳಿದರೆ ಅದರ ಕೆಳಗೆ ಹೆದರಿಕೆ ಇರುವುದು ಕಾಣುತ್ತದೆ: ನಾನು ಗುಳೆ ಹೋದಾಗ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ?

ನೇರ ಕೇಳಲು ಆಗದ್ದಕ್ಕೆ ಕಥೆ ಇದೆ. ಹೀಗೆ ಹೇಳಿ: "ಒಂದು ಹಟ್ಟಿ. ಅಲ್ಲೊಬ್ಬ ಹುಡುಗಿ, ಮಂಜುಳಾ ಅಂದ್ಕೊಳ್ಳಿ. ಎಂಟನೇ ಕ್ಲಾಸ್ ಪಾಸಾಗಿದ್ದಾಳೆ. ಹೈಸ್ಕೂಲು ದೂರ. ಬೆಳಿಗ್ಗೆ ಬಸ್ಸಿದೆ, ಸಂಜೆ ಬಸ್ಸು ಬರೋದು ಕತ್ತಲಾದ ಮೇಲೆ. ಅಪ್ಪ ಅಮ್ಮ ಕಾಫಿ ಸೀಮೆಗೆ ಹೋಗಿದ್ದಾರೆ, ಅಜ್ಜಿ ಜೊತೆ ಇದ್ದಾಳೆ. ಸೋದರಮಾವನ ಮನೆಯಿಂದ ಹೆಣ್ಣು ಕೇಳೋಕೆ ಬಂದಿದ್ದಾರೆ. ಈಗ ಅಜ್ಜಿ ಏನು ಮಾಡ್ತಾಳೆ? ಅಪ್ಪ ಏನಂತಾನೆ? ಮಂಜುಳಾ ಮನಸ್ಸಲ್ಲಿ ಏನಿದೆ? ಬೇಡ ಅನ್ನೋರು ಯಾರಾದ್ರೂ ಇದ್ದಾರಾ?" ಆ ಊರಲ್ಲಿ ಆ ಹೆಸರಿನ ಹುಡುಗಿ ಇಲ್ಲ ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಇದೇ ಕಥೆಯನ್ನು ತಾಯಂದಿರಿಗೆ, ಅಪ್ಪಂದಿರಿಗೆ, ಹುಡುಗಿಯರಿಗೆ ಬೇರೆ ಬೇರೆ ಹೇಳಿ. ಮೂರು ಕಡೆ ಕಥೆ ಮೂರು ದಾರಿ ಹಿಡಿಯುತ್ತದೆ. ಎಲ್ಲಿ ಬೇರೆಯಾಯಿತು ಅನ್ನುವುದನ್ನು ಬರೆದುಕೊಳ್ಳಿ.

ಇನ್ನೊಂದು ನೆಲದ ಮೇಲಿನ ಗೆರೆ. 18 ದಾಟಿದ ಹೆಣ್ಣುಮಕ್ಕಳಿಗೆ ಇದು ತುಂಬಾ ಹೊಂದುತ್ತದೆ. ಒಂದು ತುದಿ ಒಂದನೇ ಕ್ಲಾಸು, ಇನ್ನೊಂದು ತುದಿ ಈವತ್ತು. ಗೆರೆಯ ಮೇಲೆ ಕಲ್ಲು ಇಡುತ್ತಾ ಹೋಗಲಿ: ಮೈನೆರೆದಿದ್ದು, ಮೊದಲು ತಿಂಗಳುಗಟ್ಟಲೆ ಶಾಲೆ ತಪ್ಪಿದ್ದು, ಫೇಲಾಗಿದ್ದು, ಹೆಸರು ಕಡಿಸಿದ್ದು, ಹೆಣ್ಣು ಕೇಳಿಕೊಂಡು ಬಂದಿದ್ದು, ಮದುವೆ, ಮಗು. ಮದುವೆಗೋಸ್ಕರ ಶಾಲೆ ಬಿಡಿಸುತ್ತಾರೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಕಲ್ಲುಗಳನ್ನು ನೋಡಿದರೆ ಎಷ್ಟೋ ಕಡೆ ಶಾಲೆ ಮೊದಲೇ ನಿಂತಿರುತ್ತದೆ, ಮದುವೆಯ ಮಾತು ಬರುವುದು ಅವಳು ಮನೆಯಲ್ಲಿ ಕೂತ ಮೇಲೆ. ಹಾಗಿದ್ದರೆ ಕೆಲಸ ಮಾಡಬೇಕಾದ್ದು ಮದುವೆ ಮಂಟಪದಲ್ಲಲ್ಲ, ಎಂಟು ಮತ್ತು ಒಂಬತ್ತನೇ ತರಗತಿಯ ಮಧ್ಯೆ. ಬಸಿರು ಮೊದಲು ಬಂದು ಓದು ಆಮೇಲೆ ನಿಂತಿದ್ದರೆ ಬೇಕಾದ ಸಹಾಯವೇ ಬೇರೆ. ಈ ಒಂದು ವ್ಯತ್ಯಾಸ ತಿಳಿಯಲಿಕ್ಕಾದರೂ ಇಷ್ಟು ಶ್ರಮ ಪಡಬೇಕು.

ಮನೆಯವರ ಜೊತೆ ಶಾಲೆಯ ದಾರಿಯನ್ನೂ ನಡೆದು ನೋಡಿ. ಶಕ್ತಿ ಯೋಜನೆ 2023ರಲ್ಲಿ ಬಂದಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ಚಿಂತೆ ಇಲ್ಲ. ಆದರೆ ಬಸ್ಸು ಊರ ಒಳಗೆ ಬರುತ್ತದಾ, ಸಂಜೆ ಎಷ್ಟು ಹೊತ್ತಿಗೆ ಬರುತ್ತದೆ, ದಾರಿಯಲ್ಲಿ ಸಾರಾಯಿ ಕುಡಿಯುವವರು ಕೂರುವ ಜಾಗ ಇದೆಯಾ, ಶಾಲೆಯ ಶೌಚಾಲಯದಲ್ಲಿ ನೀರಿದೆಯಾ? ಇವುಗಳಿಗೆ ಉತ್ತರ ಕಣ್ಣಿಗೇ ಕಾಣುತ್ತದೆ.

ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದಾಗ ಮನೆಯಿಂದ ಹೊರಗಿರುವ ಪದ್ಧತಿ ಇನ್ನೂ ಇದೆ. ಅದನ್ನು ಮೊದಲ ದಿನವೇ ಎತ್ತಬೇಡಿ, ತಪ್ಪು ಅಂತ ಭಾಷಣ ಮಾಡಬೇಡಿ. "ಆ ದಿನಗಳಲ್ಲಿ ಶಾಲೆಗೆ ಹೋಗೋಕೆ ಆಗುತ್ತಾ?" ಅಂತ ಮಾತ್ರ ಕೇಳಿ. ತಿಂಗಳಿಗೆ ಎಷ್ಟು ದಿನ ತಪ್ಪುತ್ತದೆ ಅನ್ನುವ ಲೆಕ್ಕವನ್ನು ತಾಯಂದಿರೇ ಹಾಕಲಿ.

6. ಮಧ್ಯೆ ಯಾರಾದರೂ ಸಹಾಯ ಕೇಳಿದರೆ

ಅಧ್ಯಯನ ಅಲ್ಲಿಗೇ ನಿಲ್ಲಲಿ. ಪೆನ್ನು ಕೆಳಗಿಡಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಮನಸ್ಸಿನ ಕಷ್ಟಕ್ಕೆ ಟೆಲಿ ಮನಸ್ 14416. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಎಳೆ ಬಸಿರಿನಲ್ಲಿ ರಕ್ತ ಕಡಿಮೆ ಆಗುವುದು, ಬಿಪಿ ಏರಿ ಫಿಟ್ಸ್ ಬರುವುದು, ತೂಕ ಕಡಿಮೆ ಇರುವ ಮಗು ಹುಟ್ಟುವುದು, ಈ ಅಪಾಯಗಳೆಲ್ಲ ಜಾಸ್ತಿ. ಕೇಸಿಗೆ ಹೆದರಿ ಆಸ್ಪತ್ರೆ ತಪ್ಪಿಸಿದರೆ ಜೀವಕ್ಕೇ ಕುತ್ತು ಅನ್ನುವುದನ್ನು ಮನೆಯವರಿಗೆ ಹೇಳಿ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಪ್ರಕಾರ 18 ತುಂಬದವರಿಗೆ ಪೋಷಕರ ಒಪ್ಪಿಗೆ ಇದ್ದರೆ 24 ವಾರದವರೆಗೆ ಕಾನೂನುಬದ್ಧವಾಗಿ ಗರ್ಭ ತೆಗೆಸಲು ಅವಕಾಶ ಇದೆ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ತಿಳಿಸುವಾಗ ಅವಳ ಹೆಸರು, ಗುರುತು ಕೊಡಬೇಕಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ತಿಳಿಯದೆ ನಾಟಿ ಮದ್ದಿಗೆ ಹೋಗುವವರಿದ್ದಾರೆ. ತಂಡದ ಪ್ರತಿಯೊಬ್ಬರಿಗೂ ಈ ಮಾತು ಬಾಯಿಪಾಠ ಇರಬೇಕು.

7. ಗುರುತು ಕಾಪಾಡುವುದು

ಹೆಸರು ತೆಗೆದರೆ ಸಾಕಾಗುವುದಿಲ್ಲ. "ಹಟ್ಟಿಯ ಕುರಿ ಕಾಯುವವರ ಮನೆಯ, ಹತ್ತನೇ ಕ್ಲಾಸ್ ಫೇಲಾದ ಹುಡುಗಿ" ಅಂದರೆ ಊರಿಗೆಲ್ಲ ಯಾರು ಅಂತ ಗೊತ್ತು. ಊರಿನ ಹೆಸರು ಬಿಡಿ, ಎರಡು ಮೂರು ಊರಿನದ್ದನ್ನು ಸೇರಿಸಿ ಬರೆಯಿರಿ. ಐದಕ್ಕಿಂತ ಕಡಿಮೆ ಜನರಿರುವ ಯಾವ ಲೆಕ್ಕವನ್ನೂ ಹೊರಗೆ ಹಾಕಬೇಡಿ. ಫೋಟೋ ಬೇಡ, ರೆಕಾರ್ಡಿಂಗ್ ವಾಟ್ಸಾಪ್‌ನಲ್ಲಿ ಕಳಿಸುವುದು ಬೇಡವೇ ಬೇಡ. ಮಗುವಿನ ಗುರುತು ಬಯಲು ಮಾಡುವುದನ್ನು 2015ರ ಬಾಲ ನ್ಯಾಯ ಕಾಯ್ದೆಯೂ ತಡೆಯುತ್ತದೆ.

8. ಸಿಕ್ಕಿದ್ದನ್ನು ಅವರ ಜೊತೆಗೇ ಓದಿ

ವರದಿ ಬರೆಯುವ ಮೊದಲು ಗುಂಪನ್ನು ಮತ್ತೆ ಸೇರಿಸಿ. ಸಿಕ್ಕ ಕಾರಣಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಓದಲು ಬಾರದವರಿಗೆ ಚಿತ್ರ ಬಿಡಿಸಿ ನೆಲದ ಮೇಲಿಡಿ. ಪ್ರತಿಯೊಬ್ಬರ ಕೈಗೆ ಹತ್ತು ಶೇಂಗಾ ಬೀಜ ಕೊಡಿ. ಯಾವ ಕಾರಣ ಎಷ್ಟು ದೊಡ್ಡದು ಅನಿಸುತ್ತದೋ ಅಷ್ಟು ಬೀಜ ಅದರ ಮೇಲೆ ಇಡಲಿ. ಅಪ್ಪಂದಿರ ಬೀಜ ಒಂದು ಕಡೆ, ಹೆಣ್ಣುಮಕ್ಕಳ ಬೀಜ ಇನ್ನೊಂದು ಕಡೆ ಬೀಳುತ್ತದೆ. ಆಗ ವಾದ ಶುರುವಾಗುತ್ತದೆ. ತಡೆಯಬೇಡಿ, ನಿಮ್ಮ ಅಧ್ಯಯನದ ಒಳ್ಳೆಯ ಭಾಗ ಅದೇ. ಒಮ್ಮತ ಬರದಿದ್ದರೆ ಎರಡೂ ಮಾತನ್ನು ಹಾಗೇ ಬರೆಯಿರಿ.

ಆಮೇಲೆ ಯಾವ ಮಾತು ಯಾವ ಬಾಗಿಲಿಗೆ ಹೋಗಬೇಕು ಅಂತ ಗುಂಪೇ ತೀರ್ಮಾನಿಸಲಿ. ಸಂಜೆ ಬಸ್ಸಿನ ವಿಷಯ ಸಾರಿಗೆ ಡಿಪೋಗೆ. ಶೌಚಾಲಯ ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಗೆ. ಗುಳೆ ಹೋಗುವ ಮನೆಯ ಹುಡುಗಿಗೆ ಹಾಸ್ಟೆಲ್ ಸೀಟು ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಗೆ. ಎಸ್ಎಸ್ಎಲ್‌ಸಿಯಲ್ಲಿ ಉಳಿದವರು ಮತ್ತೆ ಪರೀಕ್ಷೆ ಕಟ್ಟುವ ವಿಷಯ ಶಾಲೆಗೆ. ಮದುವೆಯಾದ, ಮಗುವಿರುವ ಹೆಣ್ಣುಮಗಳೂ ಮತ್ತೆ ಓದಬಹುದು ಅನ್ನುವುದನ್ನು ಅತ್ತೆ ಮನೆಯವರಿಗೂ ಹೇಳಬೇಕು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆಗೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಪಂಚಾಯ್ತಿಯ ಕೂಸಿನ ಮನೆ ಇದೆಯಾ ಅಂತ ವಿಚಾರಿಸಿ. ಹುಡುಗಿಯರ ಮಾತು ಮಕ್ಕಳ ಗ್ರಾಮ ಸಭೆಯಲ್ಲಿ ಅವರ ಬಾಯಿಂದಲೇ ಬರಲಿ, ಸ್ವಂತ ಕಥೆಯಾಗಿ ಅಲ್ಲ, ಊರಿನ ಬೇಡಿಕೆಯಾಗಿ. ಅರ್ಜಿಗೆ ಅಪ್ಪ ಅಮ್ಮಂದಿರ ಸಹಿ ಇರಲಿ. ಸಂಸ್ಥೆಯ ಲೆಟರ್‌ಹೆಡ್‌ಗಿಂತ ಅದಕ್ಕೆ ತೂಕ ಜಾಸ್ತಿ.

ವರದಿಯ ನಾಲ್ಕು ಪುಟದ ಸರಳ ಪ್ರತಿಯನ್ನು ಊರಿನಲ್ಲಿ ಓದಿ ಹೇಳಿ, ಒಂದನ್ನು ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಇಡಿ. ಮತ್ತೆ ಬರುವ ದಿನವನ್ನು ಅವತ್ತೇ ಗೊತ್ತುಮಾಡಿ. ಜೂನ್‌ನಲ್ಲಿ ದಾಖಲಾತಿ ನಡೆಯುವಾಗ ಬಂದರೆ ಒಳ್ಳೆಯದು. ಎಂಟನೇ ತರಗತಿ ಮುಗಿಸಿದ ಹುಡುಗಿಯರಲ್ಲಿ ಎಷ್ಟು ಜನ ಒಂಬತ್ತಕ್ಕೆ ಹೆಸರು ಹಚ್ಚಿದ್ದಾರೆ ಅಂತ ಗುಂಪಿನವರೇ ಶಾಲೆಗೆ ಹೋಗಿ ಎಣಿಸಿ ಬರಲಿ.